ಜಗಲಿಯ ಮೇಲಿನ ಜಡ್ಜಮ್ಮ

ಮೊಳಕಾಲ್ಮುರುವಿನಲ್ಲಿ ಪೊಲೀಸ್ ಠಾಣೆ ಯಾಕಿದೆ ಎಂಬುದು ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ. ನಮ್ಮ ಸೋದರತ್ತೆ ಇರುವಾಗ ಸರ್ಕಾರಕ್ಕೆ ಈ ದಂಡದ ಖರ್ಚು ಯಾಕೆ? ಅತ್ತೆ ಓದಿದ್ದು ನಾಲ್ಕನೇ ಕ್ಲಾಸು. ಆದರೆ ನೇಕಾರರ ಬೀದಿಯ ಕಳ್ಳತನ, ಕೈಕೈ ಮಿಲಾಯಿಸಿದ್ದು, ಗಂಡ ಹೆಂಡಿರ ತಕರಾರು ಎಲ್ಲವೂ ಅವರ ಮನೆಯ ಜಗಲಿಗೇ ಬರುತ್ತಿದ್ದವು. ವಿಚಾರಣೆ ಕನ್ನಡದಲ್ಲಿ, ಬೈಗುಳ ತೆಲುಗಿನಲ್ಲಿ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಒಮ್ಮೆ ಪಕ್ಕದ ಮನೆಯ ಕೋಳಿ ಕಳುವಾಯಿತು. ಅತ್ತೆ ಯಾರನ್ನೂ ಪ್ರಶ್ನಿಸಲಿಲ್ಲ. ಮಧ್ಯಾಹ್ನ ಉಪ್ಪು ಕೇಳುವ ನೆಪದಲ್ಲಿ ನಾಲ್ಕು ಮನೆ ಹೊಕ್ಕು ಬಂದು, ಐದನೆಯ ಮನೆಯಲ್ಲಿ ಊಟಕ್ಕೇ ಕೂತುಬಿಟ್ಟರು. ಕೈ ತೊಳೆದ ಮೇಲೆ ತೀರ್ಪು ಹೊರಬಿತ್ತು: ಕಳ್ಳ ಈ ಮನೆಯವನೇ. ಸಾಕ್ಷಿ ಎಲ್ಲಿ ಎಂದು ಕೋಳಿಯ ಒಡತಿ ಕೇಳಿದರೆ, ಅತ್ತೆ ತಮ್ಮ ಹೊಟ್ಟೆ ಮುಟ್ಟಿ ತೋರಿಸಿದರಂತೆ!

ಹಿಂದಿನ ಬೀದಿಯ ನೇಕಾರನೊಬ್ಬ ಹೆಂಡತಿಗೆ ಹೊಡೆದ ಪ್ರಕರಣ ಇನ್ನೂ ಪ್ರಸಿದ್ಧ. ಆಕೆಯ ಕೆನ್ನೆಯ ಬಾವು ಇಳಿಯುವವರೆಗೆ ಆಕೆಯ ಕೆಲಸವನ್ನು ಅವನೇ ಮಾಡಬೇಕು, ಅದೂ ಅತ್ತೆಯ ಜಗಲಿಯ ಮೇಲೆ ಕೂತು, ಎಂದು ಅಪ್ಪಣೆಯಾಯಿತು. ಮಗ್ಗದ ಮುಂದೆ ಹುಲಿಯಂತೆ ಕೂರುವ ಗಂಡಸು, ಲಾಳಿಯೊಳಗಿನ ಕಂಡಿಕೆ ಎಂಬ ಪುಟ್ಟ ಕೊಳವೆಗೆ ರೇಷ್ಮೆ ನೂಲು ಸುತ್ತಲು ಹೋಗಿ ಸಿಕ್ಕು ಮಾಡಿಕೊಂಡ. ಬಿಡಿಸಲು ಹೋಗಿ ತನ್ನ ಅಂಗಿಯ ಗುಂಡಿಯನ್ನೂ ಆ ಸಿಕ್ಕಿಗೇ ಸೇರಿಸಿಕೊಂಡ. ಆ ವಾರ ಬೀದಿಯ ಗಂಡಸರೆಲ್ಲ ಅತ್ತೆಯ ಜಗಲಿ ಎದುರಾಗದ ಓಣಿ ಹುಡುಕಿಕೊಂಡು ಓಡಾಡಿದರು. ಹೆಂಡತಿಯೂ ನಕ್ಕಳು. ಅತ್ತೆ ಅವಳಿಗೆ ಕುಂಕುಮ ಕೊಟ್ಟು, ಹೊಂದಿಕೊಂಡು ಹೋಗು ಎಂದು ಮನೆಗೆ ಕಳಿಸಿದರು.

ಅವನು ಮತ್ತೆ ಹೊಡೆದ. ಅತ್ತೆ ಮಗ್ಗ ಮುಟ್ಟಿಸಿ ಆಣೆ ಹಾಕಿಸಿದರು. ಮೂರನೆಯ ಸಲ ಅವನ ಮೀಸೆಯನ್ನೇ ಬೋಳಿಸಿದರು. ಬೀದಿ ನಗುತ್ತಲೇ ಇತ್ತು, ಅವಳು ಅದೇ ಮನೆಗೆ ವಾಪಸು ಹೋಗುತ್ತಲೇ ಇದ್ದಳು.

ಮೀಸೆ ಪೂರ್ತಿ ಬೆಳೆಯುವ ಮೊದಲೇ, ನಾನು ಚಳ್ಳಕೆರೆಯಿಂದ ಅತ್ತೆಯನ್ನು ನೋಡಲು ಹೋಗಿದ್ದ ಒಂದು ಬೆಳಿಗ್ಗೆ, ಅವಳು ಬಂದಳು. ಬಲಗೈ ಊದಿತ್ತು. ಹಳೆ ಸೀರೆಯ ತುಂಡಿನಲ್ಲಿ ಅದನ್ನು ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದಳು. ಅತ್ತೆ ಎಂದಿನಂತೆ, ಕರೀರಿ ಅವನನ್ನು ಎಂದು ಅಬ್ಬರಿಸಲು ಶುರುಮಾಡಿದರು.

“ನ್ಯಾಯ ಕೇಳಾಕೆ ಬಂದಿಲ್ಲ ದೊಡ್ಡಮ್ಮ,” ಎಂದಳು ಅವಳು. “ಚಳ್ಳಕೆರೆ ಬಸ್ಸು ಎಷ್ಟೊತ್ತಿಗೈತೆ ಅಂತ ಕೇಳಾಕೆ ಬಂದೆ. ಅಕ್ಕನ ಮನೆಗೆ ಹೋಗ್ತೀನಿ.”

ನನಗೆ ತಿಳಿದಂತೆ ಅತ್ತೆ ಅರ್ಧಕ್ಕೆ ನಿಲ್ಲಿಸಿದ ಅಬ್ಬರ ಅದೊಂದೇ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಅವಳನ್ನು ಮೊದಲು ಆಸ್ಪತ್ರೆಗೆ, ಅಲ್ಲಿಂದ ಅವಳ ಒಪ್ಪಿಗೆ ಕೇಳಿಕೊಂಡು ಠಾಣೆಗೆ ಕರೆದೊಯ್ದರು. ನಾನೂ ಹಿಂದೆ ಹೋದೆ. ದೂರು ಬರೆದುಕೊಳ್ಳುತ್ತಿದ್ದ ಪೊಲೀಸಿನವರು ಕೊನೆಗೆ, ಇನ್ನೇನಾದರೂ ಹೇಳುವುದಿದೆಯೇ ಎಂದರು.

“ನನ್ ಹೆಸ್ರೂ ಬರ್ಕೊಳ್ರಿ,” ಎಂದರು ಅತ್ತೆ. “ಮೂರು ಸಲ ಇವಳನ್ನ ಅದೇ ಮನೆಗೆ ವಾಪಸ್ ಕಳ್ಸಿದೋಳು ನಾನು.”

ಅದಕ್ಕೆ ಸೆಕ್ಷನ್ ಇಲ್ಲ ಎಂದು ಅವರು ಮೆಲ್ಲಗೆ ಹೇಳಿದರು.

ಅವಳೀಗ ಚಳ್ಳಕೆರೆಯಲ್ಲಿ ಅಕ್ಕನ ಜೊತೆ ಇದ್ದಾಳೆ, ಹೊಲಿಗೆ ಕಲಿತಿದ್ದಾಳೆ. ಕೇಸು ನಡೆಯುತ್ತಿದೆ. ವಾಯಿದೆಯ ದಿನ ಅವಳು ಬರುವ ಬಸ್ಸಿಗಾಗಿ ಅತ್ತೆ ಸ್ಟ್ಯಾಂಡಿನಲ್ಲಿ ಕಾದಿರುತ್ತಾರೆ. ಕೋರ್ಟಿನ ಹೊರಗಿನ ಬೆಂಚಿನ ಮೇಲೆ, ಅವಳ ಹೆಸರು ಕೂಗುವವರೆಗೂ, ಅವಳ ಬಲಗೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಾರೆ.