ಯಕ್ಷಿಯ ಹತ್ತೊಂಬತ್ತನೇ ವಾರ

ನನ್ನ ಬಗ್ಗೆ ನನಗೆ ಒಂದೇ ಒಂದು ಹೆಮ್ಮೆ ಇತ್ತು. ಸಾರಿಗೆ ಉಪ್ಪು ಹೆಚ್ಚಾಗಬಹುದು, ಹಾಲು ಉಕ್ಕಿ ಒಲೆಯೆಲ್ಲ ಹರಿಯಬಹುದು, ಆದರೆ ನಾನು ಹೊಲಿದ ಪುಸ್ತಕದಲ್ಲಿ ಒಂದು ಹಾಳೆ ಆಚೀಚೆ ಆಗುವುದಿಲ್ಲ ಎಂಬುದು. ಪುಸ್ತಕ ಹೊಲಿಯುವುದೆಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಆಗ ವಾರಪತ್ರಿಕೆಗಳಲ್ಲಿ ಧಾರಾವಾಹಿಗಳು ಬರುತ್ತಿದ್ದವು. ಪ್ರತಿ ವಾರ ಆ ಪುಟಗಳನ್ನು ಬಿಡಿಸಿಕೊಂಡು, ಟ್ರಂಕಿನ ತಳದಲ್ಲಿ ಒತ್ತಿಟ್ಟು, ಕತೆ ಮುಗಿದ ಮೇಲೆ ಗೋಣಿಸೂಜಿಯಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಅಂಟಿಸಿದರೆ ಕಾದಂಬರಿ ಸಿದ್ಧ. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಆ ಪತ್ರಿಕೆ ತರಿಸುತ್ತಿದ್ದವರು ನಾವೊಬ್ಬರೇ. ಉಳಿದವರು "ವಾರವಾರ ಓದಿದ್ರೆ ರುಚಿ ಹತ್ತಲ್ಲ ಕಣ್ರೀ, ಇಡಿಯಾಗೇ ಕೊಡಿ" ಎಂದು ಕಾಯುತ್ತಿದ್ದರು. ಹೀಗೆ ಹದಿಮೂರು ಪುಸ್ತಕ ಹೊಲಿದಿದ್ದೆ. ಪ್ರತಿಯೊಂದರ ಕೊನೆಯಲ್ಲೂ ಎರಡು ಗೆರೆಹಾಳೆ ಸೇರಿಸಿ, "ಓದಿದವರು ತಪ್ಪದೆ ಅಭಿಪ್ರಾಯ ಬರೆಯತಕ್ಕದ್ದು" ಎಂದು ತಲೆಬರಹ ಹಾಕುತ್ತಿದ್ದೆ. ಕಾನೂನು ಮಾಡಿದವಳೇ ಅದರ ಕೈಗೆ ಸಿಕ್ಕಿಬೀಳುತ್ತಾಳೆಂದು ಆಗ ಹೊಳೆಯಲಿಲ್ಲ.

ಆ ಹದಿಮೂರರಲ್ಲಿ ಹೆಚ್ಚು ಕೈ ಬದಲಾಯಿಸಿ, ಮೂಲೆಗಳೆಲ್ಲ ಮಡಚಿಹೋಗಿದ್ದದ್ದು ಯಕ್ಷಿಯ ಕತೆ. ಬೆಂಗಳೂರಿನಲ್ಲಿ ರಸ್ತೆ ಅಗಲ ಮಾಡಲೆಂದು ಒಂದು ಹಳೇ ಮರ ಕಡಿಯುತ್ತಾರೆ. ಮುನ್ನೂರು ವರ್ಷದಿಂದ ಅದರಲ್ಲಿದ್ದ ಯಕ್ಷಿ ಬೀದಿಗೆ ಬೀಳುತ್ತಾಳೆ. ಒಂದು ಮಹಡಿಯ ಮೇಲಿನ ಕೋಣೆ ಬಾಡಿಗೆಗೆ ಹಿಡಿದು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರುತ್ತಾಳೆ. ಒರೆಸಿದ ನೆಲದ ಮೇಲೆ ಅವಳ ಹೆಜ್ಜೆ ಮೂಡುವುದೇ ಇಲ್ಲವೆಂದು ಮನೆಯೊಡತಿಗೆ ಅನುಮಾನ. ನಮಗೆ ಅನುಮಾನವಲ್ಲ, ಅಸೂಯೆ. ದಿನಕ್ಕೆರಡು ಸಲ ನೆಲ ಒರೆಸುವವರಿಗೆ ಅಂಥ ಕಾಲು ಸಿಕ್ಕರೆ ಬೇಡವೆನ್ನುತ್ತಾರೆಯೇ? ನಿವೃತ್ತ ಹೆಡ್‌ಮಿಸ್ಟ್ರೆಸ್ ಕಮಲಮ್ಮನವರು ಅಭಿಪ್ರಾಯವನ್ನು ಕೆಂಪು ಶಾಯಿಯಲ್ಲಿ ಅಂಕಸಮೇತ ಬರೆಯುವವರು. ಮೊದಲ ಭಾಗಕ್ಕೆ ಎಂಬತ್ತೈದು ಕೊಟ್ಟಿದ್ದರು. ಎರಡನೇ ಭಾಗ ಶುರುವಾಗುತ್ತದೆಂದು ಗೊತ್ತಾದಾಗ ಇಡೀ ಬೀದಿಗೆ ಹಬ್ಬದ ಕಳೆ.

ಅನಾಹುತವಾದದ್ದು ಅದರ ಹತ್ತೊಂಬತ್ತನೇ ವಾರ. ಅರಕಲಗೂಡಿನಲ್ಲಿ ಒಂದು ನಾಮಕರಣ. ಹಾಸನದಲ್ಲಿ ನಾದಿನಿಯ ಮನೆಗೆ ಹೋಗಿ, ಅಲ್ಲಿಂದ ಬಸ್ ಹಿಡಿಯುವುದೆಂದು ಹೊರಟಿದ್ದೆ. ಚೀಲದಲ್ಲಿ ಹೊಸ ಸಂಚಿಕೆ. ಬಸ್ ಬರುವುದು ತಡವಾದ್ದರಿಂದ ಸ್ಟ್ಯಾಂಡಿನಲ್ಲೇ ಓದತೊಡಗಿದೆ. ನಗರದ ಗದ್ದಲ ತಡೆಯಲಾರದೆ ಯಕ್ಷಿ ಕೆಲಸ ಬಿಡಲು ತೀರ್ಮಾನಿಸಿ, ಕೋಣೆಗೆ ಬೀಗ ಹಾಕಿ ಕಾಡಿಗೆ ಹೊರಟಿದ್ದಳು. ಅಷ್ಟರಲ್ಲಿ ಬಸ್ ಬಂತು, ಜನ ಮುಗಿಬಿದ್ದರು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಸೀಟು ಬೇಕಾದರೆ ಬಾಗಿಲಿನಿಂದ ಹತ್ತುವವರೆಗೆ ಕಾಯಬಾರದು. ಟವಲ್ಲೋ, ಕೊಡೆಯೋ, ಮಗುವಿನ ಟೋಪಿಯೋ, ಕೈಲಿದ್ದದ್ದನ್ನು ಕಿಟಕಿಯಿಂದ ಸೀಟಿನ ಮೇಲೆ ಎಸೆದು ಹಕ್ಕು ಸ್ಥಾಪಿಸಬೇಕು. ನನ್ನ ಕೈಯಲ್ಲಿದ್ದದ್ದು ಯಕ್ಷಿ. ಎಸೆದೆ. ಹೇಗೋ ನುಗ್ಗಿ ಒಳಗೆ ಹೋಗಿ ನೋಡಿದರೆ ಯಾವ ಸೀಟಿನಲ್ಲೂ ಪತ್ರಿಕೆಯಿಲ್ಲ. ಪಕ್ಕದಲ್ಲೇ ನಿಂತಿದ್ದ ಚನ್ನರಾಯಪಟ್ಟಣದ ಬಸ್ ಹೊರಟಿತು. ಅದರ ಕಿಟಕಿಯಲ್ಲಿ ಒಬ್ಬ ಹೆಂಗಸು ನನ್ನ ಪತ್ರಿಕೆಯನ್ನು ಬಿಡಿಸಿಕೊಂಡು ಆರಾಮವಾಗಿ ಕೂತಿದ್ದಳು. "ರೀ ಅಮ್ಮಾ, ಅದು ನಂದೂ!" ಎಂದು ಕೂಗಿದೆ. ಆಕೆ ನಕ್ಕು ಕೈ ಬೀಸಿದಳು, ನೆಂಟರನ್ನು ಕಳಿಸಲು ಬಂದವಳೆಂದುಕೊಂಡಳೋ ಏನೋ. ಶಾಂತಿಗ್ರಾಮ ದಾಟುವುದರೊಳಗೆ ಯಕ್ಷಿಗೆ ಏನಾಯಿತೆಂದು ಅವಳಿಗೆ ಗೊತ್ತಾಗಿರಬೇಕು. ನಾನು ಅರಕಲಗೂಡಿನವರೆಗೂ ನಿಂತೇ ಹೋದೆ.

ಇನ್ನೊಂದು ಪ್ರತಿ ಎಲ್ಲೂ ಸಿಗಲಿಲ್ಲ. ಮುಂದಿನ ವಾರದ "ಇಲ್ಲಿಯವರೆಗೆ" ಎಂಬ ಸಾರಾಂಶದಲ್ಲಿ ಇದ್ದದ್ದು ಒಂದೇ ಸಾಲು: ಊರು ಬಿಡಲು ಹೊರಟ ಯಕ್ಷಿ ಮನಸ್ಸು ಬದಲಿಸಿ ಹಿಂದಿರುಗುತ್ತಾಳೆ. ಯಾಕೆ ಹಿಂದಿರುಗಿದಳು? ಅದಿಲ್ಲದೆ ಪುಸ್ತಕ ಹೊಲಿಯುವುದು ಹೇಗೆ? ಮೂರು ದಿನ ಯೋಚಿಸಿದೆ. ನಾಲ್ಕನೇ ದಿನ ಬೇಳೆ ತೊಳೆಯುತ್ತಿದ್ದಾಗ ಉತ್ತರ ಹೊಳೆಯಿತು. ಅವಳು ಬೆಳಿಗ್ಗೆ ದೋಸೆಗೆ ಅಕ್ಕಿ, ಉದ್ದಿನಬೇಳೆ ನೆನೆಹಾಕಿದ್ದಳು! ನೆನೆಹಾಕಿದ್ದನ್ನು ಬಿಟ್ಟು ಯಾವ ಹೆಂಗಸು ತಾನೇ ಊರು ಬಿಡುತ್ತಾಳೆ? ಎಕ್ಸರ್ಸೈಜ್ ಪುಸ್ತಕದ ನಾಲ್ಕು ಹಾಳೆ ಹರಿದುಕೊಂಡು, ಯಕ್ಷಿ ವಾಪಸ್ ಬಂದದ್ದು, ರುಬ್ಬಿದ್ದು, ಒಂದು ಚಿಟಿಕೆ ಮೆಂತ್ಯ ಹಾಕಬೇಕಿತ್ತೆಂದು ಪೇಚಾಡಿದ್ದು, ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿ ಅದರ ಮುಂದೆ ಕೂತು "ಇರಲಿ, ಇಲ್ಲೇ ಇರೋಣ" ಅಂದದ್ದು, ಎಲ್ಲ ಬರೆದಿಟ್ಟು, ಕತೆ ಮುಗಿದ ಮೇಲೆ ಜೊತೆಗೆ ಹೊಲಿದುಬಿಟ್ಟೆ. ಸಿಗದ ಪುಟವನ್ನು ಎಲ್ಲಿಂದಲಾದರೂ ತಂದು ಕೈಬರಹದಲ್ಲಿ ನಕಲು ಮಾಡಿ ಸೇರಿಸುವ ರೂಢಿ ನನಗೆ ಇತ್ತು. ಇದೂ ನಕಲೆಂದೇ ಎಲ್ಲರೂ ತಿಳಿದರು. ನಾನೂ ಅಲ್ಲವೆನ್ನಲಿಲ್ಲ.

ಎರಡು ತಿಂಗಳಿಗೆ ಪುಸ್ತಕ ಬೀದಿ ಸುತ್ತಿ ಮನೆಗೆ ಬಂತು. ಕಾಫಿ ಕುಡಿಯುತ್ತ ಕೊನೆಯ ಹಾಳೆ ತೆರೆದವಳು ಲೋಟ ಕೆಳಗಿಟ್ಟೆ. ಕಮಲಮ್ಮನವರ ಕೆಂಪು ಶಾಯಿ: "ಮೂವತ್ತನಾಲ್ಕು. ಹತ್ತೊಂಬತ್ತನೇ ವಾರ ಇಲ್ಲದಿದ್ದರೆ ಎಪ್ಪತ್ತು ಕೊಡಬಹುದಿತ್ತು." ಒಂದೇ ಅಂಕದಲ್ಲಿ ಫೇಲು! ಅದರ ಕೆಳಗೆ, ಗಂಡ ಬ್ಯಾಂಕಿನಲ್ಲಿರುವ ಎದುರುಮನೆಯ ವನಜಾಕ್ಷಿ: "ಮುನ್ನೂರು ವರ್ಷದ ಯಕ್ಷಿ ಅರ್ಧ ಪಾವು ಉದ್ದಿನಬೇಳೆಗೆ ಸೋತಳೇ? ಲೇಖಕರಿಗೆ ಆ ವಾರ ಮೈ ಸರಿಯಿರಲಿಲ್ಲವೇ?" ನಿಜ ಹೇಳುತ್ತೇನೆ, ಇಡೀ ಪುಸ್ತಕದಲ್ಲಿ ಅದೇ ಚೆನ್ನಾಗಿದೆಯೆಂದು ಯಾರಾದರೂ ಬರೆದಿರುತ್ತಾರೆ ಎಂದುಕೊಂಡೇ ನಾನು ಹಾಳೆ ತೆರೆದದ್ದು.

ಹಿಂದಿನ ಮನೆಯ ಪುಟ್ಟಲಕ್ಷ್ಮಿ ಬರೆದಿರಲಿಲ್ಲ; ಖುದ್ದಾಗಿ ಬಂದಳು. ಅರಕಲಗೂಡು ಕಡೆಯ ಹಳ್ಳಿಯಿಂದ ಬಂದವಳು, ಮನೆಯಲ್ಲಿ ಎರಡು ಹಸು, ಒಂಬತ್ತು ಜನ. ಹಾಲಿನ ಪಾತ್ರೆ ಕೆಳಗಿಟ್ಟವಳೇ ಶುರುಮಾಡಿದಳು. "ಅಲ್ಲಾ ಕಣಕ್ಕಾ, ನಮ್ಮನೇಲಿ ದಿನಾ ಅದೇ ಗೋಳು. ನೆನೆಹಾಕು, ರುಬ್ಬು, ಉಯ್ಯಿ. ಒಂದ್ ಗಳಿಗೆ ಅದ ಮರೀಮಾ ಅಂತ ಕತೆ ಓದಾದು. ಯಕ್ಷಿಯಾದ್ರೂ ಓಗ್ಲಿ ಕಾಡಿಗೆ, ನಮ್ಮ ಪರವಾಗಿ ಅಂತ ಕಾಯ್ತಾ ಕುಂತಿದ್ರೆ, ಅವ್ಳನ್ನೂ ತಂದು ಒರಳಿನ ಮುಂದೆ ಕುಂಡ್ರಿಸ್ಬುಟ್ನಲ್ಲ, ಆ ಲೇಖಕ! ಅವನು ಯಾವತ್ತಾದ್ರೂ ರುಬ್ಬವ್ನಾ? ಕೈಗೆ ಸಿಕ್ಲಿ, ತೋರಿಸ್ತೀನಿ."

ಬಾಯಿಗೆ ಬಂದಿದ್ದ ನಿಜವನ್ನು ನುಂಗಿಕೊಂಡು ಹಾಲು ಅಳೆಸಿಕೊಂಡೆ.

ಮಧ್ಯಾಹ್ನ ಊಟಕ್ಕೆ ಬಂದ ನಮ್ಮೆಜಮಾನರಿಗೆ ಹೇಳಿದೆ. ಅವರು ತಾಲ್ಲೂಕು ಆಫೀಸಿನ ಗುಮಾಸ್ತರು, ಯಾವುದಕ್ಕೂ ಗಾಬರಿಯಾಗುವವರಲ್ಲ. "ಒಪ್ಕೊಂಡ್ಬಿಡು, ಅದಕ್ಕೇನು" ಎಂದರು.

"ಒಪ್ಕೊಂಡ್ರೆ ಹದಿಮೂರು ಪುಸ್ತಕದ ಮೇಲೂ ಅನುಮಾನ ಬೀಳುತ್ತೆ. ಯಾವ ಸಾಯೋ ಸೀನು ಲೇಖಕರದ್ದು, ಯಾವುದು ಇವಳದ್ದು ಅಂತ ಕೇಳ್ತಾರೆ. ಆಮೇಲೆ ನನ್ನ ಹತ್ರ ಯಾರು ಪುಸ್ತಕ ಇಸ್ಕೋತಾರೆ?"

"ಹಾಗಾದ್ರೆ ಸುಮ್ನಿರು. ಮಜ್ಜಿಗೆ ಹಾಕು."

ಸುಮ್ಮನಿರಲು ಬಿಟ್ಟರಲ್ಲವೇ! ಮರುವಾರ ಮೂವರೂ ನಮ್ಮ ಜಗಲಿಗೆ ಬಂದರು. ಲೇಖಕರಿಗೆ ಒಂದು ಕಾಗದ ಬರೆಯಬೇಕೆಂದು ಕಮಲಮ್ಮನವರು ಪ್ರಸ್ತಾಪ ತಂದರು, ಉಳಿದಿಬ್ಬರು ಅನುಮೋದಿಸಿದರು. ಬರೆಯುವವರು ಯಾರು? "ನೀವೇ ಬರೀಬೇಕು. ಅಕ್ಷರ ನಿಮ್ಮದೇ ಚೆನ್ನ" ಎಂದು ಕಮಲಮ್ಮ ಅಪ್ಪಣೆ ಮಾಡಿದರು. ಅವರೆದುರು ನಾನು ಈಗಲೂ ಮೂರನೇ ಕ್ಲಾಸು. ಪೆನ್ನು ತಂದು ಕೂತೆ. "ಮಾನ್ಯರೇ" ಎಂದು ಹಾಕಿ, ಮುಂದಿನದನ್ನು ಅವರು ಹೇಳಿದ ಹಾಗೇ ಬರೆದುಕೊಂಡೆ. ಆದರೆ ನಾಲ್ಕು ಸಾಲು ದಾಟಿದ ಮೇಲೆ ನನಗೇನಾಯಿತೋ ಗೊತ್ತಿಲ್ಲ, ಅವರು ಹೇಳಿಸುವುದಕ್ಕೆ ಮೊದಲೇ ಮಾತುಗಳು ಬರತೊಡಗಿದವು. ಆ ಅಧ್ಯಾಯದ ಒಂದೊಂದು ದೋಷವೂ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೆಲಕ್ಕೆ ಕಾಲು ತಾಗದವಳು ಒರಳಿನ ಮುಂದೆ ಕೂತದ್ದು ಹೇಗೆಂದು ಕೇಳಿದೆ. ಬಾಡಿಗೆ ಕೋಣೆಗೆ ಒರಳು ಎಲ್ಲಿಂದ ಬಂತೆಂದು ಕೇಳಿದೆ. "ಓದುಗರ ಬಿಡುಗಡೆಯ ಕನಸಿಗೆ ತಾವು ತಟ್ಟೆ ಮುಚ್ಚಿದ್ದೀರಿ" ಎಂದು ಮುಗಿಸಿದೆ. ಪುಟ್ಟಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂಚೆಗೆ ಹಾಕಿದ ಮೇಲೆ ಎಚ್ಚರವಾಯಿತು. ಆ ಲೇಖಕರು ನೋಡಿ, "ಅಮ್ಮಾ, ಇದು ನಾನು ಬರೆದದ್ದೇ ಅಲ್ಲ" ಎಂದು ಉತ್ತರಿಸಿದರೆ? ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ಲು ಕೇಳಿದಾಗೆಲ್ಲ ಬಾಗಿಲಿಗೆ ಓಡುತ್ತ ಇಪ್ಪತ್ತು ದಿನ ಕಳೆದೆ. ಇಪ್ಪತ್ತೊಂದನೇ ದಿನ ಕಾರ್ಡು ಬಂತು; ಅದೂ ಕಾಗದದಲ್ಲಿ ಕೊಟ್ಟಿದ್ದ ಕಮಲಮ್ಮನವರ ವಿಳಾಸಕ್ಕೆ. ಅವರು ಎಲ್ಲರನ್ನೂ ಕರೆಸಿ, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದರು. "ಸೋದರಿಯರೇ, ತಮ್ಮ ಆಕ್ಷೇಪ ನ್ಯಾಯವಾಗಿದೆ. ವಾರದ ಗಡಿಬಿಡಿಯಲ್ಲಿ ಏನೇನೋ ಬರೆದುಬಿಟ್ಟಿರುತ್ತೇನೆ. ದೋಸೆಯ ಪ್ರಸಂಗಕ್ಕಾಗಿ ಕ್ಷಮೆಯಿರಲಿ. ಪುಸ್ತಕ ಅಚ್ಚಾಗುವಾಗ ಖಂಡಿತ ತೆಗೆದುಹಾಕುತ್ತೇನೆ."

ನಾನು ಬರೆದದ್ದಕ್ಕೆ ಅವರು ಕ್ಷಮೆ ಕೇಳಿದ್ದಾರೆ! ತಾವು ಏನು ಬರೆದೆವೆಂದು ಬರೆದವರಿಗೇ ನೆನಪಿಲ್ಲ! ಬದುಕಿದೆ ಎಂದು ನಿಟ್ಟುಸಿರು ಬಿಡಬೇಕಿತ್ತು. ಬದಲಿಗೆ ಲೇಖಕರ ಮೇಲೇ ಸಿಟ್ಟು ಬಂತು. ನೋಡದೆ, ಕೇಳದೆ, ಒಂದೇ ಕಾರ್ಡಿನಲ್ಲಿ ನನ್ನ ಅಧ್ಯಾಯವನ್ನು ತೆಗೆದುಬಿಟ್ಟರಲ್ಲ!

ಮರುವರ್ಷ ಪುಸ್ತಕ ಬಂತು. ವನಜಾಕ್ಷಿ ಹಾಸನದಿಂದ ಕೊಂಡುತಂದಳು. ಹತ್ತೊಂಬತ್ತನೇ ಅಧ್ಯಾಯದಲ್ಲಿ ಯಕ್ಷಿ ಬೀಗ ಹಾಕಿ, ಎಕ್ಸ್‌ಚೇಂಜಿಗೆ ಕೊನೆಯ ಸಲ ಹೋಗುತ್ತಾಳೆ. ಆಗ ಒಬ್ಬ ಮುದುಕನ ಕರೆ ಬರುತ್ತದೆ. ಯಾರ ನಂಬರೂ ಅವನಿಗೆ ಬೇಕಿಲ್ಲ, "ದಿನಾ ಮಾತಾಡ್ತೀಯಲ್ಲ, ನಾಳೆಯೂ ಇರ್ತೀಯಾ ಮಗಳೇ?" ಎಂದಷ್ಟೇ ಕೇಳುತ್ತಾನೆ. ಯಕ್ಷಿ "ಇರ್ತೀನಿ" ಅನ್ನುತ್ತಾಳೆ. ಅಷ್ಟೇ. ಅದು ಮೊದಲಿನಿಂದಲೂ ಹಾಗೇ ಇತ್ತೆಂದು ಬೀದಿಯಲ್ಲಿ ನನ್ನೊಬ್ಬಳಿಗೇ ಗೊತ್ತು.

"ನೋಡಿದ್ರಾ, ಒಂದು ಕಾಗದಕ್ಕೆ ಎಷ್ಟು ಚೆನ್ನಾಗಿ ತಿದ್ದಿ ಬರೆದಿದ್ದಾನೆ! ತೊಂಬತ್ತೆರಡು" ಎಂದರು ಕಮಲಮ್ಮ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಕಾಗದದಲ್ಲಿ ಒಳ್ಳೇ ಕಸುವಿತ್ತು. ನೀವೂ ಏನಾದ್ರೂ ಕತೆ ಬರೀಬಾರದಾ?"

"ಬರೀಲಿ ಕಣಮ್ಮಾ" ಎಂದಳು ಪುಟ್ಟಲಕ್ಷ್ಮಿ, "ಆದ್ರೆ ದ್ವಾಸೆ ಗೀಸೆ ಬ್ಯಾಡ ಅಂತ ಮೊದ್ಲೇ ಯೋಳ್ಬುಡಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಎಲ್ಲರೂ ಹೋದ ಮೇಲೆ ಆ ಅಧ್ಯಾಯವನ್ನು ಒಬ್ಬಳೇ ಕೂತು ಮತ್ತೊಮ್ಮೆ ಓದಿದೆ. ಮುದುಕನ ಮಾತಿಗೆ ನಿಜಕ್ಕೂ ಕಣ್ಣು ತುಂಬಿತು. ಚನ್ನರಾಯಪಟ್ಟಣದ ಬಸ್ಸಿನ ಆ ಹೆಂಗಸೂ ಇಲ್ಲಿ ಅತ್ತಿರಬೇಕು. ಇಷ್ಟು ಚೆನ್ನಾಗಿ ನನಗೆ ಏಳು ಜನ್ಮಕ್ಕೂ ಬರೆಯಲು ಬಾರದೆಂದು ಒಪ್ಪಿಕೊಂಡು ಪುಸ್ತಕ ಮುಚ್ಚಿದೆ. ಮುಚ್ಚಿದವಳು ಮತ್ತೆ ತೆಗೆದು, ಹಿಂದೆ ಮುಂದೆ ನಾಲ್ಕು ಪುಟ ಹುಡುಕಿದೆ. ಎಲ್ಲೂ ಇರಲಿಲ್ಲ. ಎಲ್ಲ ಸರಿ, ಇರ್ತೀನಿ ಅಂದಳು, ಮನೆಗೂ ವಾಪಸ್ ಬಂದಳು. ಆದರೆ ಮರುದಿನ ಬೆಳಿಗ್ಗೆ ತಿಂಡಿಗೆ ಏನು ಮಾಡಿದಳು?