ಚಿಕ್ಕಮ್ಮನ ಸೆರಗಿನಲ್ಲಿ ಕೆರೆ ಏರಿ

ಸೋರುವ ನೀರನ್ನು ಕಂಡು ಹಿಗ್ಗುವ ಮನುಷ್ಯ ಈ ಲೋಕದಲ್ಲಿ ಒಬ್ಬರೇ ಇದ್ದಾರೆ. ನಮ್ಮ ಗ್ರಹಚಾರಕ್ಕೆ ಅವರು ನಮ್ಮ ಚಿಕ್ಕಪ್ಪ! ಕಲ್ಯಾಣದುರ್ಗದ ಕಡೆ ಕೆರೆಗಳನ್ನು ನೋಡಿಕೊಳ್ಳುವ ಎಂಜಿನಿಯರು. ವಾರಕ್ಕೊಮ್ಮೆ ಹಿಂದೂಪುರದ ಮನೆಗೆ ಬರುತ್ತಾರೆ. ಅಲ್ಲಿ ಚಿಕ್ಕಮ್ಮ ರೇಷ್ಮೆ ಸೀರೆ ನೇಯುತ್ತಾರೆ.

ಒಮ್ಮೆ ನೀರಿನ ತೊಟ್ಟಿಯ ಪಕ್ಕದ ನೆಲ ಒದ್ದೆಯಾಯಿತು. "ಗಾರೆಯವನ್ನ ಕರೀರಿ" ಅಂದರು ಚಿಕ್ಕಮ್ಮ. ಚಿಕ್ಕಪ್ಪ ಕೈಗೆತ್ತಿಕೊಂಡದ್ದು ಪೆನ್ಸಿಲನ್ನು! ಮಣ್ಣೊಳಗೆ ನೀರು ಹರಿಯುವ ದಾರಿಗಳಿಗೆ ಒಂದಷ್ಟು ಗೆರೆ, ನೀರಿನ ಒತ್ತಡ ಒಂದೇ ಸಮ ಇರುವ ಜಾಗಗಳನ್ನು ಕೂಡಿಸಿ ಇನ್ನೊಂದಷ್ಟು ಅಡ್ಡಗೆರೆ. ಗೆರೆಗಳ ನಡುವಿನ ಮನೆಗಳೆಲ್ಲ ಚೌಕವಾಗಿರಬೇಕು. ಗೆರೆ ಬಾಗಿದರೂ ಚೌಕ ಚೌಕವೇ! ಬರೆದು ಅಳಿಸಿ, ಅಳಿಸಿ ಬರೆದು, ನಾಲ್ಕನೇ ಭಾನುವಾರ ಬಲೆ ಸಿದ್ಧವಾಯಿತು. ಚೌಕ ಎಣಿಸಿ, "ದಿನಕ್ಕೆ ಎರಡು ಬಿಂದಿಗೆ ಸೋರ್ತದೆ ಕಣೇ" ಎಂದು ಸಾರಿದರು. ನೆಲ? ಮೊದಲಿನಷ್ಟೇ ಒದ್ದೆ. ಆದರೆ ಈಗ ಲೆಕ್ಕ ಗೊತ್ತಿರುವ ಒದ್ದೆ!

ಈಚೆಗೆ ಕಲ್ಯಾಣದುರ್ಗದ ಹತ್ತಿರ ಒಂದು ಕೆರೆ ತುಂಬಿತು. ಏರಿಯ ಬುಡದಲ್ಲಿ ನೀರು ಜಿನುಗತೊಡಗಿತು. ಸಿಮೆಂಟು ಮೆತ್ತಿ ಮುಚ್ಚಬೇಕೆಂದು ಊರವರ ಹಟ. ಮುಚ್ಚಿದರೆ ಏರಿಯೇ ಕುಸಿದು ಕೆಳಗಿನ ಮನೆಗಳು ಕೊಚ್ಚಿಹೋದಾವೆಂದು ಚಿಕ್ಕಪ್ಪನ ಭಯ. ಗ್ರಾಫ್ ಹಾಳೆಯಲ್ಲಿ ಏರಿಯ ಬಲೆ ಬರೆದರು. ಅವರು ಹಿಂದೂಪುರಕ್ಕೆ ಬಂದು ಹೋಗುವಷ್ಟರಲ್ಲಿ ಆ ಹಾಳೆ ಮಾಯ! ಬಸ್ಸಿನಲ್ಲಿ ಬಿದ್ದಿತೆಂದೇ ಅವರ ದುಃಖ. ಫೋನಿನಲ್ಲಿ ಫೋಟೊ ತೆಗೆಯಬಾರದಿತ್ತೇ ಎಂದರೆ, "ಚೌಕ ಸೊಟ್ಟ ಆಯ್ತವೆ ಕಣಪ್ಪ!"

ಕೆರೆಯ ಗಂಗಮ್ಮನ ಪೂಜೆಗೆ ಚಿಕ್ಕಮ್ಮನಿಗೂ ಕರೆ ಬಂತು. ತಾವೇ ನೇಯ್ದ ಹೊಸ ಸೀರೆಯುಟ್ಟು ನನ್ನೊಡನೆ ಹೊರಟರು. ಹೋಗಿ ನೋಡಿದರೆ ಏರಿಯ ಬುಡದಲ್ಲಿ ಸಿಮೆಂಟು ಮೂಟೆ ಇಳಿದಿವೆ, ಚಿಕ್ಕಪ್ಪನ ಮಾತು ಯಾರಿಗೂ ಬೇಕಿಲ್ಲ. ಅಷ್ಟರಲ್ಲಿ ಅವರ ಕಣ್ಣು ಹೆಂಡತಿಯ ಸೆರಗಿನ ಮೇಲೆ ಬಿತ್ತು.

"ಏಯ್, ಸೆರಗು ಹರಡೇ!"

ಹಿರಿಯರೆಲ್ಲ ಮುಖ ಅತ್ತ ತಿರುಗಿಸಿದರು!

"ಅಯ್ಯೋ, ಇತ್ಲಾಗೆ ನೋಡ್ರಪ್ಪ! ಕಳ್ದೋದ ಬಲೆ ಇಲ್ಲೇ ಅದೆ! ಇದೇ ನಮ್ಮ ಏರಿ! ಮೇಲ್ಗಡೆ ಚೌಕ ದೊಡ್ಡವು, ನೀರು ನಿಧಾನ. ಬುಡದಾಗೆ ಸಣ್ಣವು, ಅಲ್ಲಿ ನೂಕು ಜಾಸ್ತಿ. ಮುಚ್ಚಿದ್ರೆ ಬ್ಯಾರೆ ಕಡೆ ತೂರ್ಕಂಡು ಮಣ್ಣನ್ನೂ ಎಳ್ಕಂಡೋಯ್ತದೆ. ಮರಳು, ಜಲ್ಲಿ ಹಾಸ್ರಿ. ನೀರು ಬರ್ಲಿ, ಮಣ್ಣು ಅಲ್ಲೇ ನಿಲ್ಲಲಿ."

ಊರ ಹಿರಿಯರೊಬ್ಬರು ಸೆರಗನ್ನು ಬಹಳ ಹೊತ್ತು ನೋಡಿ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಅಂದರು: "ಕಾಗಿತದಾಗೆ ಏನೂ ತಿಳೀಲಿಲ್ಲ ಸಾರೂ. ಪಟ್ಟು ಸೀರೆ ಮ್ಯಾಲೆ ಬಾಗಾ ಅರ್ಥ ಆಯ್ತು!"

ಸಿಮೆಂಟು ವಾಪಸ್ಸು ಹೋಯಿತು. ಮರಳು ಬಂತು. ಜಿನುಗಿದ ನೀರನ್ನು ಚಿಕ್ಕಪ್ಪ ಗಾಜಿನ ಲೋಟದಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು. ಒಂದಿಷ್ಟೂ ಮಣ್ಣಿಲ್ಲದ ತಿಳಿನೀರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಚಿಕ್ಕಪ್ಪ ರೇಗಿಸಿದರು: "ಗ್ರಾಫ್ ಹಾಳೆ ಕಂಡ್ರೆ ಸಾಕು, ನೇಯ್ದುಬುಡೋದೇನೇ? ಅದು ಸೀರೆ ಡಿಸೈನಾ?"

ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿಕೊಂಡರು. "ಮಗ್ಗದ ಮ್ಯಾಲೆ ಮಡಗೋಗಿದ್ರಲ್ಲ... ಮದುವೆ ಆದಾಗ್ಲಿಂದ ಮೊದಲ್ನೇ ಸಲ ನನಗೋಸ್ಕರ ಏನೋ ಬರ್ದವ್ರೆ ಅಂದ್ಕಂಡೆ."

ಚಿಕ್ಕಪ್ಪ ಜೇಬಿನಿಂದ ಪೆನ್ಸಿಲು ತೆಗೆದು, ತೊಡೆಯ ಮೇಲೆ ಹೊಸ ಗ್ರಾಫ್ ಹಾಳೆ ಹರಡಿಕೊಂಡು, "ಯಾವ ಹೂವ ಬೇಕು ಹೇಳೇ" ಅಂದರು.

ಮಲ್ಲಿಗೆ ಕೇಳಿದರು ಚಿಕ್ಕಮ್ಮ. ಕುಲುಕುವ ಬಸ್ಸಿನಲ್ಲೇ ಚಿಕ್ಕಪ್ಪ, ಹಿಂದೂಪುರ ಬರುವವರೆಗೂ ಬರೆದು ಅಳಿಸಿ, ಅಳಿಸಿ ಬರೆದರು. ಎಸಳೆಲ್ಲ ಚೌಕ! ಚಿಕ್ಕಮ್ಮ ಈಗ ಅದನ್ನೇ ನೇಯುತ್ತಿದ್ದಾರೆ.