ವಾರ್ನಿಷ್ ಹಚ್ಚಿದ ಹೆಬ್ಬೆಟ್ಟು

ಬಡವರಿಗೆ ಸರ್ಕಾರ ಉಚಿತವಾಗಿ ಆಪರೇಷನ್ ಮಾಡಿಸುತ್ತದೆ ಎಂಬ ಸಂಗತಿಯನ್ನು ಕುಷ್ಟಗಿ, ಯಲಬುರ್ಗಾ ಕಡೆ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಏಕೆಂದರೆ ಅದನ್ನು ಗೋಡೆಗಳ ಮೇಲೆ ಬರೆದ ಪೇಂಟರ್ ನಾನೇ! 'ಬಿಪಿಎಲ್ ಕಾರ್ಡು ತನ್ನಿ, ಉಚಿತ ಚಿಕಿತ್ಸೆ ಪಡೆಯಿರಿ.' ನೀಲಿ ಅಕ್ಷರ, ಕೆಂಪು ನೆರಳು. ಬರೆದೆನೇ ಹೊರತು ನಂಬಿರಲಿಲ್ಲ. ಗೋಡೆಯನ್ನು ನಂಬುವುದಾದರೆ, ನಾನೇ ಬರೆದ ಹಲ್ಲುಪುಡಿ ಜಾಹೀರಾತಿನ ಪ್ರಕಾರ ನನ್ನ ಹಲ್ಲು ಫಳಫಳ ಹೊಳೆಯಬೇಕಿತ್ತು.

ಹೀಗಿರಲು ನನಗೇ ಹರ್ನಿಯಾ ಆಯಿತು. ಏಣಿ ಹತ್ತಿದರೆ ತೊಡೆಸಂದಿಯಲ್ಲಿ ಲಿಂಬೆಹಣ್ಣಿನಷ್ಟು ಗಂಟು ಹೊರಬರುತ್ತಿತ್ತು. ನಮ್ಮ ಕುಷ್ಟಗಿಯ ಸರ್ಕಾರಿ ದವಾಖಾನೆಯ ಡಾಕ್ಟರು, "ತಡಾ ಮಾಡಬ್ಯಾಡ್ರಿ, ಕರುಳು ಸಿಕ್ಕೊಂಡ್ರ ಜೀವಕ್ಕ ಬರ್ತೈತಿ" ಎಂದು ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. "ಅಲ್ಲಿ ಕಾರ್ಡು ತೋರಸ್ರಿ, ಹೆಬ್ಬಟ್ಟು ಒತ್ರಿ, ಅಷ್ಟ."

ಆ 'ಅಷ್ಟ' ಕೇಳಿಯೇ ನನ್ನ ಸಂಶಯ ಎದ್ದು ಕೂತಿತು. ನಮ್ಮಜ್ಜ ಹೀಗೇ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡನೆಂದು ಅಪ್ಪ ಹೇಳುತ್ತಿದ್ದ. ಇಸ್ಪೀಟಾಡಿ ಕಳೆದನೆಂದು ಅವ್ವ ಹೇಳುತ್ತಿದ್ದಳು. ಹೊಲ ಇತ್ತೆಂಬುದಕ್ಕೇ ಈಗ ಸಾಕ್ಷಿಯಿಲ್ಲ. ಆದರೂ ನಾನು ಅಪ್ಪನ ಕತೆಯನ್ನೇ ಆರಿಸಿಕೊಂಡೆ. ಅದರಲ್ಲಿ ಮನೆತನದ ಮರ್ಯಾದೆ ಉಳಿಯುತ್ತಿತ್ತು.

ಪಕ್ಕದ ಮನೆಯ ಮಲ್ಲಣ್ಣ ಇನ್ನಷ್ಟು ಗಾಳಿ ಊದಿದ. "ಪುಕ್ಕಟೆ ಯಾಕ ಕೊಯ್ತಾರ ಹೇಳು? ನಿನ್ನ ಬಟ್ಟಿನ ಅಚ್ಚು ಅವರ ಹತ್ರ ಉಳೀತೈತಿ. ನಾಳೆ ನಿನ್ನ ಮನಿ ಯಾರ ಹೆಸರಿಗೆ ಇರ್ತೈತೋ!"

"ಮಲ್ಲಣ್ಣಾರ, ಹೋದ ವರ್ಷ ನಿಮ್ಮ ಕಣ್ಣಿನ ಆಪರೇಷನ್ ಇದ ಕಾರ್ಡಿನಾಗ ಆತಲ್ರಿ?" ಎಂದು ನನ್ನ ಹೆಂಡತಿ ನೀಲವ್ವ ಕೇಳಿದಳು.

"ತಂಗೀ, ಆವಾಗ ನನಗ ಕಣ್ಣ ಕಾಣ್ತಿರಲಿಲ್ಲ!"

ನೀಲವ್ವನೊಂದಿಗೆ ಹೊರಡುವ ಮುನ್ನ ನಾನೊಂದು ವೈಜ್ಞಾನಿಕ ಏರ್ಪಾಡು ಮಾಡಿಕೊಂಡೆ. ಬೋರ್ಡಿಗೆ ಹೊಳಪು ಕೊಡುವ ಬಣ್ಣವಿಲ್ಲದ ವಾರ್ನಿಷನ್ನು ಗುಟ್ಟಾಗಿ ಎರಡೂ ಹೆಬ್ಬೆಟ್ಟಿಗೆ ಹಚ್ಚಿ ಒಣಗಿಸಿದೆ. ಒತ್ತಿದಂತೆಯೂ ಆಗಬೇಕು, ಅಚ್ಚು ಸಿಗಲೂಬಾರದು! ಹಚ್ಚಿದ್ದು ಮೂರು ಕೋಟು ಎಂದು ನನ್ನ ನೆನಪು. ನೀಲವ್ವನ ಕತೆಯಲ್ಲಿ ವರ್ಷಕ್ಕೊಂದು ಕೋಟು ಏರುತ್ತಿದೆ.

ಆಸ್ಪತ್ರೆಯ ಕೌಂಟರಿನಲ್ಲಿದ್ದ ಹೆಣ್ಣುಮಗಳು ಕಾರ್ಡು ನೋಡಿ, ಹೆಬ್ಬೆಟ್ಟು ಒತ್ತುವ ಮಷಿನನ್ನು ನನ್ನ ಮುಂದಕ್ಕೆ ತಳ್ಳಿದಳು. ಒತ್ತಿದೆ. ಕೆಂಪು ದೀಪ. ಇನ್ನೊಂದು ಹೆಬ್ಬೆಟ್ಟು ಒತ್ತಿದೆ. ಮತ್ತೆ ಕೆಂಪು ದೀಪ.

"ಕಾಕಾ, ಮ್ಯಾಚ್ ಆಗವಲ್ದ್ರಿ. ಇದು ನೀವಲ್ಲ ಅಂತೈತಿ."

"ಮತ್ಯಾರವಾ ನಾನು?"

"ಅದನ್ನ ಇದು ಹೇಳೂದಿಲ್ರಿ. ಬ್ಯಾರೆಯವರ ಕಾರ್ಡ್ ತಂದೀರೇನು?"

ಅಲ್ಲಿಯ ತನಕ ಸಂಶಯಪಡುವ ಅಧಿಕಾರ ನನ್ನೊಬ್ಬನದಾಗಿತ್ತು. ಈಗ ಇಡೀ ಸಾಲು ನನ್ನನ್ನು ಸಂಶಯದಿಂದ ನೋಡತೊಡಗಿತು. "ಮಂದಿ ಹೆಸರಿನ್ಯಾಗ ಹೊಟ್ಟಿ ಕೊಯ್ಸಾಕ ಬಂದಾನ ನೋಡ್ರಿ!" ಎಂದು ಹಿಂದಿನಿಂದ ಒಂದು ದನಿ. ನಿಂತು ನಿಂತು ಗಂಟು ಬೇರೆ ಹೊರಬಂದು ಒಳಗೆ ಹೋಗಲೊಲ್ಲದು. ಜೀವ ಹೋದಂತೆ ನೋವು!

"ಇವರು ನನ್ನ ಗಂಡ್ರ ಅದಾರ್ರಿ!" ಎಂದಳು ನೀಲವ್ವ.

"ಅಕ್ಕಾರ, ನೀವು ಒಪ್ಪಿದ್ರ ಆಗೂದಿಲ್ರಿ, ಮಷಿನ್ ಒಪ್ಪಬೇಕು."

ನೀಲವ್ವ ನನ್ನ ಕೈ ಎಳೆದು ಮೂಸಿದಳು. ಪೇಂಟರನ ಹೆಂಡತಿಗೆ ವಾಸನೆ ಹೇಳಿಕೊಡಬೇಕೆ? "ಅಯ್ಯ ಶಿವನ, ವಾರ್ನಿಷ್! ಕರುಳ ಹೊರಗ ಬಂದೈತಿ, ಇನ್ನೂ ನಿಮಗ ಹೆಬ್ಬಟ್ಟಿನ ಚಿಂತಿ!"

ಎದುರಿನ ಅಂಗಡಿಯಿಂದ ಟರ್ಪೆಂಟೈನ್ ತಂದು, ನಳದ ಹತ್ತಿರ ಕೂರಿಸಿ, ನಾರಿನಿಂದ ಸುಟ್ಟ ಪಾತ್ರೆ ಬೆಳಗುವಂತೆ ಬೆಳಗಿದಳು. ವಾರ್ನಿಷ್ ಹೋಯಿತು. ಅದರ ಸಂಗಡ ಗೆರೆಗಳೂ ಹೋದವು. ಮಷಿನ್ ಮತ್ತೆ ನನ್ನನ್ನು ನಿರಾಕರಿಸಿತು! ಕೊನೆಗೆ ಒಂದೊಂದೇ ಬೆರಳು ಒತ್ತಿಸುತ್ತ ಹೋದರು. ವರ್ಷಗಟ್ಟಲೆ ಬಣ್ಣ, ಟರ್ಪೆಂಟೈನಿನಲ್ಲಿ ಸವೆದ ಬೆರಳುಗಳೆಲ್ಲ ಕೈಕೊಟ್ಟ ಮೇಲೆ ಎಡಗೈ ಕಿರುಬೆರಳು ಮಾತ್ರ 'ಹೌದು, ಇವನೇ' ಎಂದು ಸಾಕ್ಷಿ ನುಡಿಯಿತು.

ಆಪರೇಷನ್ ಆಯಿತು. ಎಚ್ಚರವಾದೊಡನೆ ಬೆನ್ನು ತಡವಿಕೊಂಡೆ. "ನೀಲಾ, ಕಿಡ್ನಿ ಎರಡೂ ಅದಾವೇನು?"

"ಅದಾವ್ರಿ. ಬುದ್ಧಿ ಒಂದ ಮೊದಲಿಂದ್ಲೂ ಇದ್ದಿಲ್ಲ."

ಮನೆಗೆ ಕಳಿಸುವಾಗ ಯಾರೂ ಬಿಲ್ಲು ಕೇಳಲಿಲ್ಲ. ಬೆನ್ನಟ್ಟಿ ಬಂದಾರೆಂದು ಬಸ್ ಸ್ಟ್ಯಾಂಡ್ ತನಕ ಹಿಂತಿರುಗಿ ನೋಡುತ್ತಲೇ ನಡೆದೆ.

ಗಾಯ ಮಾಯ್ದ ಮೇಲೆ ಇಟಗಿಯಲ್ಲಿ ಅದೇ ಜಾಹೀರಾತು ಬರೆಯುವ ಕೆಲಸ ಸಿಕ್ಕಿತು. ಈ ಸಲ ಕೆಳಗೆ ನನ್ನದೊಂದು ಸಾಲು ಸೇರಿಸಿದೆ: 'ಹೆಬ್ಬೆಟ್ಟಿಗೆ ಏನನ್ನೂ ಹಚ್ಚಿಕೊಂಡು ಬರಬೇಡಿ.' ಎಂದಿನಂತೆ ಮೂಲೆಯಲ್ಲಿ ದೊಡ್ಡದಾಗಿ ಹೆಸರನ್ನೂ ಹಾಕಿದೆ.

ಕಟ್ಟೆಯ ಮೇಲಿದ್ದ ಮುದುಕ ಎದ್ದು ಬಂದು ಓದಿ ನಕ್ಕ. "ಅಲ್ಲೋ ತಮ್ಮಾ, ಹಚಗೊಂಡು ಹೋಗುವಂಥ ಹುಚ್ಚ ಯಾವೂರಾಗ ಅದಾನೋ?"

"ಕುಷ್ಟಗಿಯಾಗ ಒಬ್ಬ ಇದ್ದನಂತ ಕಾಕಾ."

"ಏನವನ ಹೆಸರು?"

ನಾನು ಸರಕ್ಕನೆ ಮೂಲೆಗೆ ಸರಿದು, ಗೋಡೆಗೆ ಒರಗಿ ನಿಂತೆ. ಮುದುಕ ಹೋಗುವ ತನಕ ಕದಲಲಿಲ್ಲ.

ಸಂಜೆ ಮನೆಗೆ ಬಂದಾಗ ನೀಲವ್ವ ನನ್ನ ಅಂಗಿಯ ಬೆನ್ನು ನೋಡಿದಳು. ಹಸಿ ಬಣ್ಣದಲ್ಲಿ ನನ್ನ ಹೆಸರು ಉಲ್ಟಾ ಆಗಿ ಅಚ್ಚೊತ್ತಿತ್ತು.

"ಈಗ ಮ್ಯಾಚ್ ಆತು ನೋಡ್ರಿ," ಎಂದಳು.